ಇಲಿಯ ನೆನಪು, ಪರೀಕ್ಷಕನ ಮರೆವು

ಹೋದ ತಿಂಗಳು ಒಂದು ರಾತ್ರಿ ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಿಂದ ಅಣ್ಣ ಫೋನು ಮಾಡಿದ. ಅವನ ಧ್ವನಿಯಲ್ಲಿ ಬಹುಕಾಲದ ಮೇಲೆ ಒಂದು ಉತ್ಸಾಹವಿದ್ದಿತು. ಮರೆವಿನ ಕಾಯಿಲೆಗೆ ಔಷಧ ಕಂಡುಹಿಡಿದಿದ್ದಾರಂತೆ, ಹೋದ ನೆನಪೆಲ್ಲ ಮರಳಿ ಬಂದಿತಂತೆ, ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆಯಂತೆ. “ಎಷ್ಟು ಖರ್ಚಾದ್ರೂ ಆಗ್ಲಿ, ಕೆಳಗಿನ ತೋಟ ಮಾರಿದ್ರೂ ಚಿಂತೆ ಇಲ್ಲ. ನೀನು ಓದಿದವನು, ಎಲ್ಲಿ ಸಿಗ್ತದೆ ವಿಚಾರಿಸು ಮಾರಾಯ” ಎಂದ. ನಮ್ಮ ತಾಯಿಗೆ ಈಗ ಎಪ್ಪತ್ತೆಂಟು ವರ್ಷ. ನಾಲ್ಕು ವರ್ಷಗಳಿಂದ ಆಲ್ಜೈಮರ್ ಕಾಯಿಲೆ. ಮರುದಿನ ಆ ಪತ್ರಿಕೆಯನ್ನು ಹುಡುಕಿ ತೆಗೆದು ಓದಿದೆ. ಶೀರ್ಷಿಕೆಯಲ್ಲಿ ನೆನಪು ಇದ್ದಿತು. ಮೊದಲನೆಯ ವಾಕ್ಯದಲ್ಲಿ ಔಷಧವಿದ್ದಿತು. ಆರನೆಯ ವಾಕ್ಯದಲ್ಲಿ ಇಲಿ ಬಂದಿತು. ನೆನಪು ಮರಳಿದುದು ಇಲಿಗೆ.

ಅಣ್ಣನಿಗೆ ಏನು ಉತ್ತರ ಹೇಳಬೇಕೆಂದು ತಿಳಿಯದೆ, ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರೊಬ್ಬರ ಮೊರೆಹೊಕ್ಕೆ. ಅವರು ಕೊಟ್ಟ ಕಾಗದಗಳನ್ನು ಒಂದು ತಿಂಗಳು ಕುಳಿತು ಓದಿದೆ. ನಾನು ವಿಜ್ಞಾನಿಯಲ್ಲ, ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ಒಬ್ಬ ಕನ್ನಡ ಮೇಷ್ಟ್ರು. ಇಂಥವನು ಈ ವಿಷಯದಲ್ಲಿ ಬಾಯಿ ಹಾಕುವುದೇ ಅಧಿಕಪ್ರಸಂಗವೆಂದು ಯಾರಾದರೂ ಹೇಳಿದರೆ ಅದು ನ್ಯಾಯವೇ. ಆದರೆ ಓದುತ್ತ ಹೋದಂತೆ ನನಗೆ ಒಂದು ಸಂಗತಿ ಹೊಳೆಯಿತು. ಇಲಿಯ ನೆನಪನ್ನು ಅಳೆಯುವುದೆಂದರೆ ಪರೀಕ್ಷೆ ನಡೆಸುವುದು. ಅಲ್ಲಿಯೂ ಪ್ರಶ್ನೆಪತ್ರಿಕೆಯಿದೆ, ಪರೀಕ್ಷಾ ಕೊಠಡಿಯಿದೆ, ಅಂಕವಿದೆ, ತೇರ್ಗಡೆಯಿದೆ, ನಪಾಸಿದೆ. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಪರೀಕ್ಷೆಯ ವಿಚಾರದಲ್ಲಿ ಎರಡು ಮಾತು ಆಡುವ ಅಧಿಕಾರ ಉಂಟೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

‘ಅರವತ್ತಕ್ಕೆ ಅರಳು ಮರಳು’ ಎಂದು ನಮ್ಮಲ್ಲಿ ಗಾದೆಯೇ ಇದೆ. ಗಾದೆ ಸುಳ್ಳಲ್ಲದಿರಬಹುದು, ಆದರೆ ಈ ಗಾದೆ ಒಂದು ರೋಗವನ್ನು ವಯೋಧರ್ಮವೆಂದು ಹೇಳಿ ಎಷ್ಟೋ ಮನೆಗಳಲ್ಲಿ ಮುಚ್ಚಿಟ್ಟಿದೆ. ರೋಗವೆಂದು ಇದನ್ನು ಗುರುತಿಸಿದ ಕಥೆ 1901ರಲ್ಲಿ ಮೊದಲಾಗುತ್ತದೆ. ಆ ವರ್ಷ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೇಟರ್ ಎಂಬ ಐವತ್ತೊಂದು ವಯಸ್ಸಿನ ಹೆಂಗಸು ಬಂದಳು. ವೈದ್ಯ ಅಲೋಯಿಸ್ ಆಲ್ಜೈಮರ್ ಆಕೆಯ ಮುಂದೆ ಕುಳಿತು ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದುಕೊಂಡ. ಗಂಡನ ಹೆಸರನ್ನು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ತಟ್ಟೆಯಲ್ಲಿ ಹೂಕೋಸು ಇದ್ದರೆ ಪಾಲಕ್ ಎಂದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ, ನರಕೋಶಗಳ ನಡುವೆ ಗಸಿಯ ಮಚ್ಚೆಗಳೂ ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡವು. 1910ರಲ್ಲಿ ಕ್ರೆಪೆಲಿನ್ ಈ ರೋಗಕ್ಕೆ ಆಲ್ಜೈಮರನ ಹೆಸರನ್ನಿಟ್ಟ.

ಅದೇ 1901ರಲ್ಲಿ, ಸಾಗರದಾಚೆ ಅಮೆರಿಕೆಯ ಕ್ಲಾರ್ಕ್ ವಿಶ್ವವಿದ್ಯಾನಿಲಯದ ವಿಲ್ಲರ್ಡ್ ಸ್ಮಾಲ್ ಎಂಬಾತ ತನ್ನ ಇಲಿಗಳ ಪ್ರಯೋಗವನ್ನು ಪ್ರಕಟಿಸಿದ. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಉದ್ಯಾನದಲ್ಲಿ ಬೇಲಿಗಿಡಗಳ ಒಂದು ಚಕ್ರವ್ಯೂಹವಿದೆ. ಅದರ ಮಾದರಿಯನ್ನು ಇಲಿಗೆ ಒಪ್ಪುವಂತೆ ಚಿಕ್ಕದಾಗಿ ಕಟ್ಟಿಸಿ, ನಡುವೆ ಆಹಾರವಿಟ್ಟು, ಇಲಿ ದಾರಿ ಕಲಿಯುವುದನ್ನು ಆತ ನೋಡಿದ. ಅಭಿಮನ್ಯುವಿಗೆ ಹೊರಬರುವುದು ತಿಳಿಯದಿದ್ದರೆ, ಈ ಇಲಿಗೆ ಒಳಹೋಗುವುದನ್ನು ಕಲಿಯಬೇಕಾಗಿದ್ದಿತು. ಒಬ್ಬ ಹೆಂಗಸಿನ ಮರೆವು, ಒಂದು ಇಲಿಯ ಕಲಿಕೆ. ಒಂದೇ ವರ್ಷ ಮೊದಲಾದ ಈ ಎರಡು ಕಥೆಗಳು ಸೇರುವುದಕ್ಕೆ ಸುಮಾರು ತೊಂಬತ್ತೈದು ವರ್ಷಗಳು ಹಿಡಿದವು.

ಅಷ್ಟು ತಡವಾದುದಕ್ಕೆ ಕಾರಣವಿದೆ. ಇಲಿಗೆ ತಾನಾಗಿ ಈ ರೋಗ ಬರುವುದಿಲ್ಲ. ಮೆದುಳಿನಲ್ಲಿ ಗಸಿಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕು ಇಲಿಯಲ್ಲಿಯೂ ಇದೆ. ಆದರೆ ಮನುಷ್ಯನದಕ್ಕೂ ಅದರದಕ್ಕೂ ಮೂರು ಅಮೈನೋ ಆಮ್ಲಗಳ ವ್ಯತ್ಯಾಸ. ಮೂರು ಅಕ್ಷರ ಬದಲಾದರೆ ಪದ್ಯದ ಅರ್ಥವೇ ಬೇರೆಯಾಗುವಂತೆ, ಇಷ್ಟರಿಂದಲೇ ಇಲಿಯ ಮೆದುಳಿನಲ್ಲಿ ಮಚ್ಚೆಗಳು ಕಟ್ಟುವುದಿಲ್ಲ. ಆದುದರಿಂದ, ವಂಶಪಾರಂಪರ್ಯವಾಗಿ ಚಿಕ್ಕ ವಯಸ್ಸಿನಲ್ಲಿಯೇ ರೋಗ ತಗಲುವ ಕೆಲವು ಕುಟುಂಬಗಳ ಕೆಟ್ಟ ಜೀನನ್ನು ತೆಗೆದು ಚಿಕ್ಕಿಲಿಯಲ್ಲಿ ಸೇರಿಸಿದರು. 1995ರಲ್ಲಿ ಇಂಥ ಇಲಿಯ ಮೆದುಳಿನಲ್ಲಿ ಮಚ್ಚೆಗಳು ಕಂಡವು. 1996ರಲ್ಲಿ ಕರೆನ್ ಶಿಯಾವ್ ಮತ್ತು ಅವರ ಸಂಗಡಿಗರು, ಸ್ವೀಡನ್ನಿನ ಒಂದು ಕುಟುಂಬದ ಜೀನನ್ನು ಹೊತ್ತ ಇಲಿಗಳು ಒಂಬತ್ತು ಹತ್ತು ತಿಂಗಳ ವಯಸ್ಸಿಗೆ ಕಲಿತುದನ್ನು ಮರೆಯತೊಡಗುವುದನ್ನು ತೋರಿಸಿದರು. ಹೀಗೆ ಮನುಷ್ಯನ ಮರೆವು ಇಲಿಗೆ ದತ್ತವಾಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಥ ವಂಶದ ರೋಗ ಬಹಳ ವಿರಳ. ನಮ್ಮ ತಾಯಿಗೆ, ನಿಮ್ಮ ತಂದೆಗೆ ಇಳಿವಯಸ್ಸಿನಲ್ಲಿ ಬರುವುದು ಸಾಮಾನ್ಯವಾಗಿ ಅದಲ್ಲ.

ಇನ್ನು ಮಾತು ಬಾರದ ಪ್ರಾಣಿಯ ನೆನಪನ್ನು ಕೇಳುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಕೆಲವು, ಒಳ್ಳೆಯ ಪ್ರಶ್ನೆಪತ್ರಿಕೆಯನ್ನು ಕಂಡಾಗ ಆಗುವಂಥ ಸಂತೋಷವನ್ನು ಕೊಡುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ನೀರಿನ ಪರೀಕ್ಷೆಯನ್ನು ನೋಡಿ. ಒಂದು ದೊಡ್ಡ ದುಂಡು ತೊಟ್ಟಿ. ಅದರ ನೀರಿಗೆ ಹಾಲು ಬೆರೆಸಿ ಮಸುಕು ಮಾಡಿರುತ್ತಾರೆ. ನೀರಿನ ಮೇಲ್ಮೈಗೆ ತುಸು ಕೆಳಗೆ ಒಂದು ಚಿಕ್ಕ ಪೀಠ ಅಡಗಿರುತ್ತದೆ. ಇಲಿಗೆ ಈಜು ಬರುತ್ತದೆ, ಆದರೆ ನೀರಿನಲ್ಲಿರುವುದು ಇಷ್ಟವಿಲ್ಲ. ಮೊದಲನೆಯ ದಿನ ಅದು ಅಂಚಿನುದ್ದಕ್ಕೂ ಸುತ್ತಿ ಸುತ್ತಿ, ಆಕಸ್ಮಿಕವಾಗಿ ಪೀಠವನ್ನು ಮುಟ್ಟಿ ಹತ್ತಿ ಕೂರುತ್ತದೆ. ಪ್ರತಿಸಲವೂ ಬೇರೆ ಬೇರೆ ಅಂಚಿನಿಂದ ಬಿಟ್ಟರೂ, ಕೆಲವು ದಿನಗಳಲ್ಲಿ ಗೋಡೆಯ ಚಿತ್ರ, ಕಿಟಕಿ, ದೀಪ ಇವುಗಳ ಗುರುತು ಹಿಡಿದು ನೇರವಾಗಿ ಅಲ್ಲಿಗೇ ಹೋಗುತ್ತದೆ. ಮರುವರ್ಷ ಮಾರಿಸ್ ಮತ್ತು ಸಂಗಡಿಗರು ತೋರಿಸಿದುದೇನೆಂದರೆ, ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕೆಟ್ಟ ಇಲಿ ಅಡಗಿದ ಪೀಠವನ್ನು ಕಲಿಯಲಾರದು, ಕಣ್ಣಿಗೆ ಕಾಣುವ ಪೀಠವನ್ನು ಮಾತ್ರ ಸೇರಬಲ್ಲದು. ಆಲ್ಜೈಮರ್ ರೋಗ ಮೊದಮೊದಲೇ ಮುಟ್ಟುವ ಜಾಗಗಳಲ್ಲಿ ಇದೂ ಒಂದು. ಪೇಟೆಗೆ ಹೋದವರು ಮನೆಯ ದಾರಿ ತಪ್ಪುವುದು ಇದರಿಂದಲೇ.

ಈ ಪರೀಕ್ಷೆಯ ಕೊನೆಯ ಪ್ರಶ್ನೆಯಂತೂ ನನ್ನನ್ನು ಕಲಕಿಬಿಟ್ಟಿತು. ಕಲಿಕೆಯೆಲ್ಲ ಮುಗಿದ ಮೇಲೆ ಪೀಠವನ್ನು ತೆಗೆದುಬಿಡುತ್ತಾರೆ. ನೆನಪುಳ್ಳ ಇಲಿ ಅದು ಇದ್ದ ಜಾಗದಲ್ಲಿಯೇ ಸುತ್ತಿ ಸುತ್ತಿ ಹುಡುಕುತ್ತದೆ. ನೆನಪಿಲ್ಲದುದು ತೊಟ್ಟಿಯಲ್ಲೆಲ್ಲ ಸಮನಾಗಿ ಅಲೆಯುತ್ತದೆ. ಇಲ್ಲದುದನ್ನು ಇದ್ದ ಕಡೆಯಲ್ಲಿ ಹುಡುಕುವುದೇ ನೆನಪಿನ ಗುರುತು! ನಮ್ಮ ತಾಯಿ ಈಗಲೂ ಹಿತ್ತಿಲ ಬಾಗಿಲಿಗೆ ಹೋಗಿ, ಎಂದೋ ಬಿದ್ದುಹೋದ ಕೊಟ್ಟಿಗೆಯ ಕಡೆ ನೋಡಿ ನಿಲ್ಲುವುದುಂಟು. ಅದನ್ನು ಮರೆವೆಂದು ನಾವು ಲೆಕ್ಕ ಹಾಕುತ್ತಿದ್ದೆವು.

ಇದಕ್ಕಿಂತ ಸೌಮ್ಯವಾದ ಪರೀಕ್ಷೆಗಳೂ ಇವೆ. 1988ರಲ್ಲಿ ಎನ್ನಾಸ್ಯೂರ್ ಮತ್ತು ದೆಲಾಕೂರ್ ಎಂಬವರು ಹೇಳಿದ ಕ್ರಮದಲ್ಲಿ ಹಸಿವಿಲ್ಲ, ನೀರಿಲ್ಲ, ಶಿಕ್ಷೆಯಿಲ್ಲ. ಇಲಿಯ ಮುಂದೆ ಒಂದೇ ಬಗೆಯ ಎರಡು ವಸ್ತುಗಳನ್ನಿಟ್ಟು, ಕೆಲವು ಹೊತ್ತಿನ ಮೇಲೆ ಒಂದನ್ನು ಬದಲಾಯಿಸುತ್ತಾರೆ. ಹಳೆಯದು ನೆನಪಿದ್ದರೆ ಇಲಿ ಹೊಸದನ್ನು ಹೆಚ್ಚು ಹೊತ್ತು ಮೂಸುತ್ತದೆ; ನೆನಪಿಲ್ಲದಿದ್ದರೆ ಅದಕ್ಕೆ ಎರಡೂ ಹೊಸವೇ. ಆಕ್ಸ್‌ಫರ್ಡಿನ ರಾಬರ್ಟ್ ಡೀಕನ್ ಇನ್ನೂ ಸರಳವಾದುದನ್ನು ಮಾಡಿದರು. ಸಂಜೆ ಪಂಜರದಲ್ಲಿ ಅದುಮಿದ ಒಂದು ತುಂಡು ಹತ್ತಿಯನ್ನಿಟ್ಟು, ಬೆಳಗ್ಗೆ ಇಲಿ ಕಟ್ಟಿದ ಗೂಡಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟರು. ಹಿಪ್ಪೊಕ್ಯಾಂಪಸ್ ಕೆಟ್ಟ ಇಲಿ ಹತ್ತಿಯನ್ನು ಸರಿಯಾಗಿ ಬಿಡಿಸುವುದಿಲ್ಲ, ಗೂಡಿಗೆ ಗೋಡೆ ಕಟ್ಟುವುದಿಲ್ಲ.

ಇಷ್ಟರವರೆಗೆ ಎಲ್ಲವೂ ಚೆನ್ನ. ಆದರೆ ನಪಾಸಾದವನೆಲ್ಲ ದಡ್ಡನಲ್ಲವೆಂಬುದು ಮೇಷ್ಟರಾದವರಿಗೆ ಗೊತ್ತಿರುವ ಸಂಗತಿ. ಕರಿಹಲಗೆ ಕಾಣದೆ ನಪಾಸಾದ ಹುಡುಗನನ್ನು ನಾನು ಕಂಡಿದ್ದೇನೆ. ಪ್ರಯೋಗಶಾಲೆಯ ಕೆಲವು ಇಲಿತಳಿಗಳು ಹುಟ್ಟಿನಿಂದಲೇ ಒಂದು ಕೆಟ್ಟ ಜೀನನ್ನು ಹೊತ್ತು, ತಾಯಿಯ ಹಾಲು ಬಿಡುವ ಹೊತ್ತಿಗೆ ಕುರುಡಾಗುತ್ತವೆ. ಅಂಥ ಇಲಿ ಗೋಡೆಯ ಗುರುತು ಕಾಣದೆ ತೊಟ್ಟಿಯಲ್ಲಿ ಅಲೆದರೆ, ಅದನ್ನು ಮರೆವೆಂದು ಬರೆದುಕೊಳ್ಳುವುದು ಯಾವ ನ್ಯಾಯ? ಮತ್ತೆ ಕೆಲವು ಚಿಕ್ಕಿಲಿಗಳು ಈಜುವುದನ್ನೇ ಬಿಟ್ಟು ಸುಮ್ಮನೆ ತೇಲುತ್ತವೆ. ಅವುಗಳಿಗೆ ಪೀಠ ಮರೆತಿಲ್ಲ, ಪರೀಕ್ಷೆಯೇ ಬೇಡವಾಗಿದೆ. ಇದಕ್ಕಾಗಿಯೇ ಒಳ್ಳೆಯ ಪ್ರಯೋಗಶಾಲೆಗಳಲ್ಲಿ ಪೀಠದ ಮೇಲೆ ಬಾವುಟ ಸಿಕ್ಕಿಸಿ, ಕಣ್ಣೂ ಕಾಲೂ ಮನಸ್ಸೂ ನೆಟ್ಟಗಿವೆಯೇ ಎಂದು ಬೇರೆಯಾಗಿ ನೋಡುತ್ತಾರೆ. ಅದನ್ನು ನೋಡದೆ ಕೊಟ್ಟ ಅಂಕಕ್ಕೆ ಬೆಲೆಯಿಲ್ಲ.

ಪರೀಕ್ಷಕನ ದೋಷ ಇದಕ್ಕಿಂತ ಸೂಕ್ಷ್ಮವಾದುದು. 1963ರಲ್ಲಿ ರೋಸೆಂಥಾಲ್ ಮತ್ತು ಫೋಡ್ ಎಂಬವರು ಒಂದೇ ಬಗೆಯ ಇಲಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಕೆಲವರಿಗೆ ‘ನಿಮ್ಮವು ಜಾಣ ವಂಶದವು’ ಎಂದೂ ಉಳಿದವರಿಗೆ ‘ನಿಮ್ಮವು ಮಂದ ವಂಶದವು’ ಎಂದೂ ಹೇಳಿದರು. ಜಾಣವೆಂದು ನಂಬಿದವರ ಕೈಯಲ್ಲಿ ಇಲಿಗಳು ಹೆಚ್ಚು ಚೆನ್ನಾಗಿ ಕಲಿತವು. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಎಷ್ಟು ಹುಡುಗರನ್ನು ಹಿಂದಿನ ಬೆಂಚಿನವರೆಂದು ಮೊದಲೇ ತೀರ್ಮಾನಿಸಿ ಪಾಠ ಹೇಳಿದ್ದೇನೆಯೋ! 1999ರಲ್ಲಿ ಅಮೆರಿಕೆಯ ಆಲ್ಬನಿ, ಪೋರ್ಟ್‌ಲೆಂಡ್, ಕೆನಡಾದ ಎಡ್ಮಂಟನ್ ಈ ಮೂರು ಊರುಗಳಲ್ಲಿ ಒಂದೇ ತಳಿಯ ಇಲಿಗಳಿಗೆ, ಒಂದೇ ಬಗೆಯ ಸಲಕರಣೆಯಲ್ಲಿ, ಒಂದೇ ಪರೀಕ್ಷೆಗಳನ್ನು ಕೊಟ್ಟರು. ಆದರೂ ಕೆಲವು ಪರೀಕ್ಷೆಗಳ ಫಲ ಊರಿಂದ ಊರಿಗೆ ಬೇರೆಯಾಯಿತು. 2014ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿಗಳು, ಕೋಣೆಯಲ್ಲಿ ಗಂಡಸಿದ್ದರೆ, ಅಷ್ಟೇಕೆ, ಗಂಡಸು ತೊಟ್ಟು ಬಿಟ್ಟ ಅಂಗಿಯಿದ್ದರೂ ಇಲಿಗಳು ಹೆದರಿ ಬೇರೆ ರೀತಿ ವರ್ತಿಸುತ್ತವೆಂದು ಕಂಡರು. ಉತ್ತರ ಬರೆಯುವುದು ಇಲಿಯಾದರೂ, ಪರೀಕ್ಷಕನ ನೆರಳು ಉತ್ತರಪತ್ರಿಕೆಯ ಮೇಲೆ ಬಿದ್ದೇ ಇರುತ್ತದೆ.

ಇದು ಇಲಿಯ ಮಾತು ಮಾತ್ರವಲ್ಲ. ನಾಲ್ಕು ವರ್ಷಗಳ ಹಿಂದೆ ತಾಯಿಯನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತರುಣ ವೈದ್ಯರು ಅಚ್ಚು ಹಾಕಿದ ಕಾಗದವನ್ನು ಮುಂದಿಟ್ಟುಕೊಂಡು, ಇವತ್ತು ತಾರೀಖು ಎಷ್ಟು, ಇಸವಿ ಯಾವುದು ಎಂದು ಕೇಳಿದರು. ತಾಯಿ ಸುಮ್ಮನಿದ್ದರು. ಸೊನ್ನೆ ಬಿದ್ದಿತು. ಒಂದು ವಾಕ್ಯ ಬರೆಯಿರಿ ಎಂದರು. ಮೂರನೆಯ ತರಗತಿಗೆ ಶಾಲೆ ಬಿಟ್ಟವರು ಲೇಖನಿಯನ್ನು ಹಿಡಿದು ನನ್ನ ಮುಖ ನೋಡಿದರು. ಮತ್ತೊಂದು ಸೊನ್ನೆ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ತಾಯಿ, “ನಾಡಿದ್ದು ನಾಗರಪಂಚಮಿ ಅಲ್ವನಾ? ಮನೇಲಿ ಅರಳು ಇಲ್ಲ” ಎಂದರು. ಲೆಕ್ಕ ಹಾಕಿದೆ, ನಾಡಿದ್ದೇ ಪಂಚಮಿ. ಇಂಗ್ಲಿಷ್ ತಾರೀಖನ್ನು ಅವರು ನೆನಪು ನೆಟ್ಟಗಿದ್ದಾಗಲೂ ಇಟ್ಟುಕೊಂಡವರಲ್ಲ. ಕಾಯಿಲೆ ಇದ್ದುದೇನೋ ದಿಟ. ಒಂದೂವರೆ ವರ್ಷದಲ್ಲಿ ತಿಥಿಯೂ ಹೋಯಿತು, ಮೊಮ್ಮಗಳ ಹೆಸರೂ ಹೋಯಿತು. ಆದರೆ ಆ ದಿನ ಅವರಿಗೆ ಬಿದ್ದ ಸೊನ್ನೆಗಳಲ್ಲಿ ಕೆಲವು ಕಾಯಿಲೆಯವಲ್ಲ, ಪ್ರಶ್ನೆಪತ್ರಿಕೆಯವು. ನಮ್ಮ ತಾಯಿ ಹಾಲು ಬೆರೆಸಿದ ನೀರಿನಲ್ಲಿ ಸುಮ್ಮನೆ ತೇಲಿದ್ದರು.

ಈ ದೋಷವನ್ನು ಕಂಡು ತಿದ್ದಿದವರೂ ನಮ್ಮ ದೇಶದಲ್ಲಿದ್ದಾರೆಂಬುದನ್ನು ಸಂತೋಷದಿಂದ ಹೇಳಬೇಕು. 1975ರಲ್ಲಿ ಅಮೆರಿಕೆಯಲ್ಲಿ ಸಿದ್ಧವಾದ ಮೂವತ್ತು ಅಂಕಗಳ ಪರೀಕ್ಷೆ ಲೋಕವೆಲ್ಲ ಬಳಕೆಯಲ್ಲಿದೆ. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಓದು ಬಾರದವರಿಗೆ ‘ವಾಕ್ಯ ಬರೆಯಿರಿ’ ಎನ್ನುವ ಬದಲು ‘ನಿಮ್ಮ ಮನೆಯ ವಿಚಾರ ಏನಾದರೂ ಹೇಳಿ’ ಎಂದು ಕೇಳಿದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರದವರು ನಲವತ್ತೈದು ದಾಟಿದವರನ್ನು ದೀರ್ಘಕಾಲ ಅನುಸರಿಸಿ ನೋಡುವ ಅಧ್ಯಯನವನ್ನು ಕೈಗೊಂಡಿದ್ದಾರೆ. ಹಳ್ಳಿಯವರ ನೆನಪನ್ನು ಹಳ್ಳಿಯವರ ಮಾತಿನಲ್ಲಿಯೇ ಕೇಳಬೇಕು. ಇಲಿಯ ನೆನಪನ್ನು ಇಲಿಯ ಬದುಕಿನಲ್ಲಿ ಕೇಳಬೇಕು. ಎರಡೂ ಒಂದೇ ನ್ಯಾಯ.

ಈಗ ಅಣ್ಣನ ಪ್ರಶ್ನೆಗೆ ಬರೋಣ. ಇಲಿಗೆ ವಾಸಿಯಾದುದು ಮನುಷ್ಯನಿಗೆ ವಾಸಿಯಾದೀತೆ? 1999ರಲ್ಲಿ ಒಂದು ಲಸಿಕೆ ಇಲಿಯ ಮೆದುಳಿನ ಮಚ್ಚೆಗಳನ್ನು ತಡೆಯಿತು. 2000ದಲ್ಲಿ, ಅಂಥ ಲಸಿಕೆ ಪಡೆದ ಇಲಿಗಳು ನೀರಿನ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವು. ಲೋಕವೇ ಹಿಗ್ಗಿತು. ಮನುಷ್ಯರಿಗೆ ಕೊಟ್ಟಾಗ, ನೂರರಲ್ಲಿ ಸುಮಾರು ಆರು ಮಂದಿಗೆ ಮೆದುಳಿನ ಉರಿಯೂತ ಬಂದು, 2002ರಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. 2008ರಲ್ಲಿ ಪ್ರಕಟವಾದ ವರದಿ ಇನ್ನೂ ಕಠೋರವಾದುದು. ಲಸಿಕೆ ಪಡೆದು ಮುಂದೆ ತೀರಿಕೊಂಡ ಕೆಲವರ ಮೆದುಳಿನಲ್ಲಿ ಮಚ್ಚೆಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಆದರೂ ಅವರು ಪೂರ್ಣ ಮರೆವಿನಲ್ಲಿಯೇ ಸತ್ತಿದ್ದರು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಇಲಿಯ ಮರೆವಿಗೆ ಅಮಿಲಾಯ್ಡಿನ ಒಂದು ವಿಶೇಷ ರೂಪವೇ ಕಾರಣವೆಂದ ಪ್ರಸಿದ್ಧ ಲೇಖನವನ್ನು, ಅದರ ಚಿತ್ರಗಳಲ್ಲಿ ಕೈವಾಡ ಕಂಡುಬಂದುದರಿಂದ, 2024ರಲ್ಲಿ ಹಿಂತೆಗೆದುಕೊಂಡರು.

ಇಷ್ಟನ್ನು ಹೇಳಿ ಇಲಿಗಳ ಪರೀಕ್ಷೆಯೆಲ್ಲ ವ್ಯರ್ಥವೆಂದು ನಾನು ಸಾಧಿಸಹೊರಟಿಲ್ಲ. 2023ರಲ್ಲಿ ಅಮೆರಿಕೆಯಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧದ ಮೂಲವೂ ಇಂಥ ಇಲಿಗಳಲ್ಲಿಯೇ ಇದೆ. ಸುಮಾರು ಹದಿನೆಂಟು ನೂರು ರೋಗಿಗಳಲ್ಲಿ ಹದಿನೆಂಟು ತಿಂಗಳು ನೋಡಿದಾಗ, ಅದು ಕುಸಿತವನ್ನು ಶೇಕಡ 27ರಷ್ಟು ನಿಧಾನಗೊಳಿಸಿತು. ನಿಲ್ಲಿಸಲಿಲ್ಲ, ಹೋದುದನ್ನು ಮರಳಿಸಲಿಲ್ಲ. ರೋಗದ ಮೊದಲ ಮೆಟ್ಟಿಲಿನಲ್ಲಿರುವವರಿಗೆ ಮಾತ್ರ ಅದು. ಮೆದುಳಿನಲ್ಲಿ ಊತ, ರಕ್ತಸ್ರಾವಗಳ ಭಯವೂ ಉಂಟು. ಸಣ್ಣ ಲಾಭ, ಆದರೆ ದಿಟವಾದ ಲಾಭ. ಇಲಿ ತನ್ನನ್ನು ಕೇಳಿದುದಕ್ಕೆ ಪ್ರಾಮಾಣಿಕವಾಗಿ ಉತ್ತರ ಬರೆದಿದೆ. ಮಚ್ಚೆ ಕಟ್ಟಿದ ಮೆದುಳು ದಾರಿಯನ್ನು ಮರೆಯುವುದೇ ಎಂದು ಕೇಳಿದರು, ಹೌದೆಂದಿತು. ಎಂಟು ದಶಕ ಬದುಕಿ, ನರಕೋಶಗಳೇ ಸತ್ತುಹೋದ ಮನುಷ್ಯನ ಮರೆವು ಹೋಗುವುದೇ ಎಂದು ಎರಡು ವರ್ಷ ಬದುಕುವ ಆ ಪ್ರಾಣಿಯನ್ನು ಯಾರೂ ಕೇಳಲಿಲ್ಲ, ಕೇಳುವಂತೆಯೂ ಇಲ್ಲ. ಆ ಉತ್ತರವನ್ನು ಈ ಪ್ರಶ್ನೆಯ ಕೆಳಗೆ ಬರೆದುಕೊಂಡವರು ನಾವು.

ಆದುದರಿಂದ ನನ್ನ ಬಿನ್ನಹ ಮೂರು. ಮೊದಲನೆಯದು ಪತ್ರಿಕೆಯವರಿಗೆ: ನೆನಪು ಮರಳಿದುದು ಇಲಿಗಾದರೆ, ಇಲಿ ಎಂಬ ಎರಡಕ್ಷರ ಶೀರ್ಷಿಕೆಯಲ್ಲಿಯೇ ಇರಲಿ. ಆರನೆಯ ವಾಕ್ಯದವರೆಗೆ ಓದುವ ತಾಳ್ಮೆ ಕಂಗೆಟ್ಟ ಮನೆಯವರಿಗಿರುವುದಿಲ್ಲ. ಅಷ್ಟರಲ್ಲಿ ಅವರು ತೋಟಕ್ಕೆ ಗಿರಾಕಿಯನ್ನು ಹುಡುಕುತ್ತಿರುತ್ತಾರೆ. ಎರಡನೆಯದು ವಿಜ್ಞಾನದ ವಿದ್ಯಾರ್ಥಿಗಳಿಗೆ: ವಿಶ್ವವಿದ್ಯಾನಿಲಯದ ಉತ್ತರಪತ್ರಿಕೆಗಳಿಗೆ ಗುಪ್ತಸಂಖ್ಯೆ ಹಾಕುವಂತೆ, ಯಾವುದು ಔಷಧ ಪಡೆದ ಇಲಿ ಯಾವುದು ಪಡೆಯದುದು ಎಂಬುದು ಅಂಕ ಹಾಕುವವನಿಗೆ ತಿಳಿಯದಿರಲಿ, ಒಂದೇ ಪರೀಕ್ಷೆಯನ್ನು ನಂಬದೆ ಗೂಡನ್ನೂ ನೋಡಿ, ನಪಾಸಾದ ಔಷಧದ ಫಲಿತಾಂಶವನ್ನೂ ಪ್ರಕಟಿಸಿ. ಪ್ರತಿವರ್ಷವೂ ನಾನು ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುತ್ತೇನೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದಕ್ಕೇ ಜನ್ಮಜನ್ಮಾಂತರಗಳಲ್ಲಿ ತೊಳಲಿದವರ ಕಥೆ ಅದು. ನಮ್ಮ ತಾಯಂದಿರಿಗಾಗಿ ಜೀವವಿರುವ ಇಲಿಗಳನ್ನು ನೀರಿಗೆ ಬಿಡುವುದು ಅನಿವಾರ್ಯವೆಂದೇ ಒಪ್ಪೋಣ. ಆದರೆ ಕೆಟ್ಟ ಪ್ರಶ್ನೆ ಕೇಳಿ ಅವುಗಳ ಉತ್ತರವನ್ನು ಹಾಳುಮಾಡುವುದು ಅನಿವಾರ್ಯವಲ್ಲ. ಅದು ಶುದ್ಧ ಹಿಂಸೆ.

ಮೂರನೆಯದು ನನ್ನಂಥ ಮಕ್ಕಳಿಗೆ. ಹೋದ ವಾರ ಊರಿಗೆ ಹೋಗಿದ್ದೆ. ತೋಟ ಮಾರುವುದು ಬೇಡವೆಂದು ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ, ಅಂಗಡಿಯಿಂದ ತಂದ ಬತ್ತಿಯ ಪೊಟ್ಟಣವನ್ನು ಒಡೆದರು. ನಮ್ಮ ತಾಯಿ ಹೂಬತ್ತಿ ಹೊಸೆಯುವುದರಲ್ಲಿ ಊರಿಗೆಲ್ಲ ಹೆಸರಾದವರು. ಕಾಯಿಲೆಯೆಂದು ತಿಳಿದ ಮೇಲೆ ಯಾರೂ ಅವರ ಕೈಗೆ ಹತ್ತಿ ಕೊಟ್ಟಿರಲಿಲ್ಲ. ಡೀಕನ್ನರ ಇಲಿಗಳನ್ನು ನೆನೆದು, ಒಂದು ಹಿಡಿ ಹತ್ತಿಯನ್ನು ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಅನಂತರ ಬೆರಳುಗಳು ಹತ್ತಿಯನ್ನು ಬಿಡಿಸತೊಡಗಿದವು. ಮೂರು ಬತ್ತಿ ಹೊಸೆದರು. ಎರಡು ಸೊಟ್ಟ, ಒಂದು ಚೆನ್ನಾಗಿದ್ದಿತು. ನಾನು ಅಂಕ ಹಾಕಲಿಲ್ಲ. ಅಣ್ಣ ಆ ಒಂದನ್ನು ಎಣ್ಣೆಯಲ್ಲಿ ಅದ್ದಿ ದೀಪಕ್ಕೆ ಇಟ್ಟ.